ಸ್ಟೇಷನ್ ಹೊಸದಾಯ್ತು, ಸರಿ. ರೈಲು ನಿಲ್ಲುತ್ತಾ?

ಬೆಂಗಳೂರಿನಿಂದ ಕರಾವಳಿಗೆ ರಾತ್ರಿ ರೈಲಿನಲ್ಲಿ ಹೋದವರಿಗೆ ಇದು ಗೊತ್ತಿರುತ್ತದೆ. ಸಕಲೇಶಪುರ ದಾಟಿ ಸ್ವಲ್ಪ ಹೊತ್ತಿಗೆ ರೈಲು ಕಾಡಿನ ನಡುವೆ ನಿಂತುಬಿಡುತ್ತದೆ. ಕಿಟಕಿಯಾಚೆ ಒಂದೆರಡು ದೀಪ, ಒಂದು ಹಳದಿ ಬೋರ್ಡು, ಜೀರುಂಡೆಯ ಸದ್ದು. ಇಳಿಯುವವರು ಯಾರೂ ಇಲ್ಲ, ಹತ್ತುವವರೂ ಇಲ್ಲ. ಎಚ್ಚರವಾದವರೊಬ್ಬರು ಕೇಳುತ್ತಾರೆ, ‘ಯಾಕ್ರೀ ನಿಂತಿದೆ?’ ಮೇಲಿನ ಬರ್ತಿನಿಂದ ನಿದ್ದೆಗಣ್ಣಿನ ಉತ್ತರ ಬರುತ್ತದೆ, ‘ಕ್ರಾಸಿಂಗ್ ಇರ್ಬೇಕು, ಮಲ್ಕೊಳ್ಳಿ.’

ಆ ಬೋರ್ಡಿನಲ್ಲಿ ಯಡಕುಮರಿ ಅಂತಲೋ ಕಡಗರವಳ್ಳಿ ಅಂತಲೋ ಬರೆದಿರುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ ಇಂಥ ನಾಲ್ಕು ಸ್ಟೇಷನ್‌ಗಳಿವೆ: ದೋಣಿಗಲ್, ಕಡಗರವಳ್ಳಿ, ಯಡಕುಮರಿ, ಶಿರಿಬಾಗಿಲು. ಯಡಕುಮರಿಯಲ್ಲಿ ಇಳಿದರೆ ಪೇಟೆಯೂ ಇಲ್ಲ, ಬಸ್ಸೂ ಇಲ್ಲ. ಆದರೂ ಅಲ್ಲಿ ಸ್ಟೇಷನ್ ಮಾಸ್ಟರ್ ಇದ್ದಾರೆ. ಹಗಲೂ ರಾತ್ರಿ ಡ್ಯೂಟಿ ನಡೆಯುತ್ತದೆ. ಊರೇ ಇಲ್ಲದ ಕಡೆ ಸ್ಟೇಷನ್ ಯಾತಕ್ಕೆ?

ಲೆಕ್ಕ ಸುಲಭ. ಈ ಘಾಟಿ ಸುಮಾರು 55 ಕಿಲೋಮೀಟರ್ ಉದ್ದ. 57 ಸುರಂಗಗಳಿವೆ. ಪ್ರತಿ 50 ಅಡಿ ಮುಂದೆ ಹೋದರೆ 1 ಅಡಿ ಇಳಿಯುವ ಕಡಿದಾದ ದಾರಿ. ಇರುವುದು ಒಂದೇ ಹಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋದರೆ ಪೂರ್ತಿ ದಾಟಲು ಹತ್ತಿರ ಹತ್ತಿರ 2 ಗಂಟೆ ಬೇಕು. ನಡುವೆ ಒಂದೂ ಸ್ಟೇಷನ್ ಇಲ್ಲ ಅಂದುಕೊಳ್ಳಿ. ಆಗ ಒಂದು ರೈಲು ಸಕಲೇಶಪುರ ಬಿಟ್ಟರೆ ಅದು ಕೆಳಗೆ ಮುಟ್ಟುವ ತನಕ ಕೆಳಗಿನ ರೈಲು ಕಾಯಬೇಕು. ಇಡೀ ದಿನಕ್ಕೆ ಎರಡೂ ಕಡೆಯದು ಸೇರಿ 12 ರೈಲು ಓಡಿಸಿದರೆ ಹೆಚ್ಚು. ನಡುವೆ ನಾಲ್ಕು ಸ್ಟೇಷನ್ ಹಾಕಿದರೆ ದಾರಿ ಐದು ತುಂಡಾಗುತ್ತದೆ. ಒಂದೊಂದು ತುಂಡಿನಲ್ಲಿ ಒಂದೊಂದು ರೈಲು ಇರಬಹುದು. ಎದುರಿನಿಂದ ಬರುವುದನ್ನು ಪಕ್ಕದ ಲೂಪ್ ಲೈನಿಗೆ ಹಾಕಿ ಇದನ್ನು ಬಿಡಬಹುದು. ಯಡಕುಮರಿ ಇರುವುದು ಇಷ್ಟಕ್ಕೆ. ಆ ಸ್ಟೇಷನ್ನಿನ ಗಿರಾಕಿ ರೈಲೇ ಹೊರತು ಪ್ರಯಾಣಿಕರಲ್ಲ.

ರೈಲ್ವೆಯ ಸಾಮಾನ್ಯ ನಿಯಮಗಳ ಪುಸ್ತಕದಲ್ಲಿ ಸ್ಟೇಷನ್ ಅಂದರೇನು ಅಂತ ಒಂದು ಸಾಲು ಇದೆ. ಅದರ ಸಾರ ಇಷ್ಟು: ಜನ ಅಥವಾ ಸರಕಿನ ವ್ಯವಹಾರ ನಡೆಯುವ ಜಾಗ, ಇಲ್ಲವೇ ರೈಲಿಗೆ ಮುಂದೆ ಹೋಗಲು ಅಪ್ಪಣೆ ಕೊಡುವ ಜಾಗ. ಎರಡರಲ್ಲಿ ಒಂದಿದ್ದರೂ ಸಾಕು, ಅದು ಸ್ಟೇಷನ್. ಕಟ್ಟಡದ ಮಾತೇ ಇಲ್ಲ. ಗೋಪುರ, ಗಾಜು, ಎಸಿ ಹಾಲ್ ಯಾವುದೂ ಇಲ್ಲ. ನಮ್ಮ ಕನ್ನಡದ ‘ನಿಲ್ದಾಣ’ವೂ ಹಾಗೇ. ನಿಲ್ಲುವ ತಾಣ. ಯಾರು ನಿಲ್ಲಬೇಕು ಅಂತ ಪದ ಹೇಳುವುದಿಲ್ಲ. ರೈಲು ನಿಲ್ಲಬೇಕಾ, ಜನ ನಿಲ್ಲಬೇಕಾ? ಈಗ ದೇಶದಲ್ಲಿ ನಡೆಯುತ್ತಿರುವ ಸ್ಟೇಷನ್ ಕಾಮಗಾರಿಗಳನ್ನು ನೋಡುವಾಗ ನನಗೆ ಪದೇ ಪದೇ ನೆನಪಾಗುವುದು ಈ ಪ್ರಶ್ನೆಯೇ.

ಕಾಮಗಾರಿಗಳೇನೂ ಚಿಕ್ಕವಲ್ಲ. ಅಮೃತ ಭಾರತ ಸ್ಟೇಷನ್ ಯೋಜನೆಯಲ್ಲಿ 2023ರ ಆಗಸ್ಟ್ 6ರಂದು ಒಂದೇ ದಿನ 508 ಸ್ಟೇಷನ್‌ಗಳ ಕೆಲಸಕ್ಕೆ ಅಡಿಗಲ್ಲು ಬಿತ್ತು. ಅದಕ್ಕೆ ಹೇಳಿದ ವೆಚ್ಚ 24,470 ಕೋಟಿ ರೂಪಾಯಿ. ಮರುವರ್ಷ ಫೆಬ್ರುವರಿಯಲ್ಲಿ ಇನ್ನೂ 553 ಸ್ಟೇಷನ್ ಸೇರಿದವು. ಪಟ್ಟಿ ಈಗ 1,300 ದಾಟಿದೆ. ದೇಶದಲ್ಲಿರುವ ಸ್ಟೇಷನ್‌ಗಳು 7,300ಕ್ಕೂ ಹೆಚ್ಚು ಅಂದರೆ, ಆರಕ್ಕೆ ಒಂದರಂತೆ ಲೆಕ್ಕ ಹಾಕಿಕೊಳ್ಳಿ. 2025ರ ಮೇ 22ರಂದು ಕೆಲಸ ಮುಗಿದ 103 ಸ್ಟೇಷನ್ ಉದ್ಘಾಟನೆಯಾದವು. ಅದರಲ್ಲಿ ಕರ್ನಾಟಕದವು ಐದು: ಧಾರವಾಡ, ಗದಗ, ಬಾಗಲಕೋಟೆ, ಮುನಿರಾಬಾದ್, ಗೋಕಾಕ ರೋಡ್.

ಈ ‘ರೋಡ್’ ಅನ್ನುವ ಬಾಲದ ಬಗ್ಗೆ ಒಂದು ಮಾತು. ಗೋಕಾಕ ರೋಡ್, ಸುಬ್ರಹ್ಮಣ್ಯ ರೋಡ್, ಮಂತ್ರಾಲಯಂ ರೋಡ್. ಹೆಸರಿನಲ್ಲಿ ರೋಡ್ ಇದ್ದರೆ ಊರು ಇಲ್ಲಿಲ್ಲ, ಇಳಿದು ರಸ್ತೆ ಹಿಡಿಯಿರಿ ಅಂತ ಅರ್ಥ. ಕುಕ್ಕೆಗೆ ಹೋಗುವವರು ಸುಬ್ರಹ್ಮಣ್ಯ ರೋಡ್ ಇರುವ ನೆಟ್ಟಣದಲ್ಲಿ ಇಳಿದು ಬಸ್ಸೋ ಜೀಪೋ ಹತ್ತಬೇಕು. ಹಳೇ ರೈಲ್ವೆಯವರು ಕನಿಷ್ಠ ಹೆಸರಿನಲ್ಲೇ ನಿಜ ಹೇಳಿಬಿಡುತ್ತಿದ್ದರು.

ಊರಿಂದ ದೂರ ಸ್ಟೇಷನ್ ಕಟ್ಟಿದ್ದಕ್ಕೆ ಕಾರಣವೂ ಇದೆ. ಬೋಗಿಗಳು ತಾವಾಗಿ ಉರುಳಿ ಹೋಗಬಾರದು, ಅದಕ್ಕೆ ಸ್ಟೇಷನ್ ಹೆಚ್ಚುಕಡಿಮೆ ಸಮತಟ್ಟಾಗಿರಬೇಕು. ಇಡೀ ಗೂಡ್ಸ್ ಗಾಡಿ ಹಿಡಿಸುವಷ್ಟು ಉದ್ದ ನೇರ ಜಾಗ ಬೇಕು. ಇಂಥ ಜಾಗ ಊರ ನಡುವೆ ಎಲ್ಲಿ ಸಿಗುತ್ತದೆ? ಕೊಂಕಣ ರೈಲ್ವೆಯಲ್ಲಂತೂ ಗುಡ್ಡ, ಹೊಳೆ, ಸುರಂಗಗಳ ಹೊಂದಾಣಿಕೆಯೇ ದಾರಿ ನಿರ್ಧರಿಸಿತು. ಕಾರವಾರದ ಸ್ಟೇಷನ್ ಕಾರವಾರ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಉಡುಪಿಯದು ಇಂದ್ರಾಳಿಯಲ್ಲಿದೆ. ಮಂಗಳೂರಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಊರ ಮಧ್ಯೆ ಇರುವ ಸೆಂಟ್ರಲ್ ಸ್ಟೇಷನ್ನಿಗೆ ಹಳಿ ಹೋಗಿ ಮುಗಿಯುತ್ತದೆ, ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ. ಮುಂಬೈ ಕಡೆಯಿಂದ ಕೇರಳಕ್ಕೆ ಹೋಗುವ ರೈಲು ಒಳಗೆ ಬಂದರೆ ಎಂಜಿನ್ ತಿರುಗಿಸಿ ವಾಪಸ್ ಹೊರಡಬೇಕು. ಅದಕ್ಕೇ ದೂರದ ರೈಲುಗಳು ಪಡೀಲ್ ಕಡೆಯ ಜಂಕ್ಷನ್‌ನಲ್ಲೇ ನಿಂತು ಹೋಗುತ್ತವೆ. ರೈಲಿಗೆ ಅನುಕೂಲ ಜಂಕ್ಷನ್, ಜನಕ್ಕೆ ಅನುಕೂಲ ಸೆಂಟ್ರಲ್. ಈ ಜಗ್ಗಾಟದಲ್ಲಿ ಹೆಚ್ಚಾಗಿ ರೈಲೇ ಗೆಲ್ಲುತ್ತದೆ.

ಬೆಂಗಳೂರಿನ ಕಥೆಯೂ ಹಾಗೇ ಶುರುವಾದದ್ದು. 1864ರಲ್ಲಿ ಜೋಲಾರಪೇಟೆಯಿಂದ ಬಂದ ಹಳಿ ಮುಟ್ಟಿದ್ದು ಕಂಟೋನ್ಮೆಂಟನ್ನು, ಪೇಟೆಯನ್ನಲ್ಲ. ಬ್ರಿಟಿಷರಿಗೆ ಬೇಕಾಗಿದ್ದದ್ದು ಮದ್ರಾಸಿನಿಂದ ದಂಡಿಗೆ ದಾರಿ. ಚಿಕ್ಕಪೇಟೆಯ ವ್ಯಾಪಾರಿ ಎತ್ತಿನ ಗಾಡಿ ಹೊಡೆದುಕೊಂಡು ಅಲ್ಲಿಗೇ ಹೋಗಬೇಕಿತ್ತು. ಈಗಿನ ಮೆಜೆಸ್ಟಿಕ್ ಎದುರಿನ ಸಿಟಿ ಸ್ಟೇಷನ್, ಮೈಸೂರು ಲೈನು ಎಲ್ಲ ಆಮೇಲೆ. ಮೈಸೂರು ಲೈನಿನ ಕೆಲಸಕ್ಕಂತೂ ವೇಗ ಬಂದದ್ದು 1877-78ರ ಭೀಕರ ಬರದಲ್ಲಿ, ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ. ಇನ್ನು ಕ್ಯಾಸಲ್‌ರಾಕ್ ಇದೆ. 1961ರಲ್ಲಿ ಗೋವಾ ಬಿಡುಗಡೆ ಆಗುವ ತನಕ ಅದು ಗಡಿ ಸ್ಟೇಷನ್. ಅಲ್ಲಿಂದಾಚೆ ಪೋರ್ಚುಗೀಸರ ಆಡಳಿತ, ಹಾಗಾಗಿ ಪೆಟ್ಟಿಗೆ ಬಿಚ್ಚಿ ತಪಾಸಣೆ. ಒಂದೊಂದು ಸ್ಟೇಷನ್ ಎಲ್ಲಿದೆ ಅಂತ ನೋಡಿದರೆ ಅದನ್ನು ಯಾರು ಯಾಕೆ ಕಟ್ಟಿದರು ಅಂತ ತಿಳಿಯುತ್ತದೆ.

ಸರಕಿನ ವಿಷಯ ಬೇಗ ಮುಗಿಸುತ್ತೇನೆ. ಭಾರತೀಯ ರೈಲ್ವೆಯ ಗಳಿಕೆಯಲ್ಲಿ ಸುಮಾರು ಮೂರನೇ ಎರಡು ಪಾಲು ಬರುವುದು ಗೂಡ್ಸ್‌ನಿಂದ. ಹೊಸಪೇಟೆ, ತೋರಣಗಲ್ಲು ಕಡೆ ಅದಿರು, ಕಲ್ಲಿದ್ದಲು, ಉಕ್ಕು ಸಾಗಿಸುವ ಗಾಡಿಗಳನ್ನು ನೋಡಿದರೆ ಪ್ರಯಾಣಿಕರ ರೈಲು ಅತಿಥಿಯ ಹಾಗೆ ಕಾಣುತ್ತದೆ. ಗೊಬ್ಬರ, ಪಡಿತರದ ಅಕ್ಕಿ, ಸಿಮೆಂಟು ಇಳಿಯುವ ಗೂಡ್ಸ್ ಶೆಡ್‌ಗಳು ಸ್ಟೇಷನ್ನಿನ ಹಿಂಬದಿಯಲ್ಲಿರುತ್ತವೆ. ಉದ್ಘಾಟನೆಯ ಫೋಟೊದಲ್ಲಿ ಬರುವುದಿಲ್ಲ. ಅಲ್ಲಿ ಮೂಟೆ ಹೊರುವ ಹಮಾಲರಿಗೆ ನೆರಳು, ನೀರು, ಶೌಚಾಲಯ ಇದೆಯಾ ಅಂತ ಕೇಳುವವರೂ ಕಡಿಮೆ.

ರೈಲು ಓಡಿಸುವ ಕೆಲಸ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದರೆ ಅದು ಕೆಟ್ಟ ದಿನ. 2023ರ ಜೂನ್ 2ರ ತನಕ ಒಡಿಶಾದ ಬಹನಾಗಾ ಬಜಾರ್ ಅನ್ನುವ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೆವು? ಚಿಕ್ಕ ಸ್ಟೇಷನ್. ಕೋರಮಂಡಲ್ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲೂ ಅಲ್ಲಿ ನಿಲ್ಲಬೇಕಾಗಿರಲಿಲ್ಲ. ಕೋರಮಂಡಲ್‌ಗೆ ನೇರ ಹೋಗಲು ಹಸಿರು ಸಿಗ್ನಲ್ ಇತ್ತು. ಆದರೆ ಹಳಿ ಕೂಡಿದ್ದದ್ದು ಲೂಪ್ ಲೈನಿಗೆ. ಅಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಡಿಕ್ಕಿಯಾಗಿ ಚೆಲ್ಲಾಪಿಲ್ಲಿಯಾದ ಬೋಗಿಗಳು ಪಕ್ಕದ ಹಳಿಯಲ್ಲಿ ಬರುತ್ತಿದ್ದ ಬೆಂಗಳೂರಿನ ರೈಲಿಗೂ ತಗಲಿದವು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ವ್ಯವಸ್ಥೆಯ ದುರಸ್ತಿಯಲ್ಲಿ ತಂತಿಗಳ ಜೋಡಣೆ ತಪ್ಪಾಗಿತ್ತು ಅಂತ ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು.

ಸತ್ತವರಲ್ಲಿ ಬಹುಪಾಲು ಜನಕ್ಕೆ ಆ ಸ್ಟೇಷನ್ನಿನ ಹೆಸರೂ ಗೊತ್ತಿರಲಿಕ್ಕಿಲ್ಲ. ಆದರೆ ಅವರ ಜೀವ ಆ ಕ್ಷಣ ಇದ್ದದ್ದು ಅದರ ಕೈಯಲ್ಲೇ. ನಾವು ಇಳಿಯದ, ನೋಡದ, ನಿದ್ದೆಯಲ್ಲಿ ದಾಟಿಹೋಗುವ ನೂರು ಸ್ಟೇಷನ್‌ಗಳು ಸರಿಯಾಗಿ ಕೆಲಸ ಮಾಡಿದರೆ ಮಾತ್ರ ನಾವು ಇಳಿಯುವ ಒಂದು ಸ್ಟೇಷನ್ ತಲುಪುತ್ತೇವೆ. ಸಿಗ್ನಲ್ ಕೋಣೆಗೆ ಮಾಡಿದ ಖರ್ಚು ಯಾರಿಗೂ ಕಾಣುವುದಿಲ್ಲ. ಮುಂಬಾಗಿಲ ಕಮಾನಿಗೆ ಮಾಡಿದ್ದು ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತದೆ. ಇವೆರಡಕ್ಕೂ ಹಣ ಬೇರೆ ಬೇರೆ ಖಾತೆಯಿಂದ ಬರುತ್ತದೆ. ಒಂದನ್ನು ಕಿತ್ತು ಇನ್ನೊಂದಕ್ಕೆ ಕೊಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಗಮನ ಅನ್ನುವುದಕ್ಕೂ ಒಂದು ಮಿತಿ ಇರುತ್ತದೆ ಅಲ್ವಾ?

ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ನೆನಪಿಸಿಕೊಳ್ಳಿ. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಗೋರಖ್‌ಪುರದ 1,366 ಮೀಟರ್ ದಾಖಲೆ ಮುರಿದು ಗಿನ್ನೆಸ್ ಪುಸ್ತಕ ಸೇರಿತು. ಹುಬ್ಬಳ್ಳಿ ಮಂದಿಗೆ ಹೆಮ್ಮೆ, ಇರಲಿ. ಆದರೆ ಅಷ್ಟುದ್ದ ಯಾಕೆ ಮಾಡಿದರು? ದಾಖಲೆಗಂತಲೇ ಅಲ್ಲ. 22-24 ಬೋಗಿಯ ರೈಲಿಗೆ 500-600 ಮೀಟರ್ ಸಾಕು. 1,507 ಮೀಟರ್ ಇದ್ದರೆ ಒಂದರ ಹಿಂದೊಂದು ಎರಡು ಪೂರ್ತಿ ರೈಲು ಒಂದೇ ಪ್ಲಾಟ್‌ಫಾರ್ಮ್‌ನಲ್ಲಿ ನಿಲ್ಲುತ್ತವೆ, ಎರಡು ದಿಕ್ಕಿಗೂ ಹೊರಡಬಹುದು. ಗದಗ, ಬೆಂಗಳೂರು, ಲೋಂಡಾ ಮೂರೂ ದಿಕ್ಕಿನಿಂದ ಹಳಿ ಬಂದು ಸೇರುವ ಜಂಕ್ಷನ್ನಿಗೆ ಇದು ಒಳ್ಳೆಯ ಉಪಾಯ. ರೈಲಿನ ಕಣ್ಣಿನಿಂದ ನೋಡಿದರೆ ನೂರಕ್ಕೆ ನೂರು. ಗಂಟು ಹೊತ್ತು, ಮಗು ಎತ್ತಿಕೊಂಡು, ತನ್ನ ರೈಲು ಪ್ಲಾಟ್‌ಫಾರ್ಮಿನ ಯಾವ ತುದಿಯಲ್ಲಿ ನಿಂತಿದೆ ಅಂತ ಹುಡುಕುವ ಹೆಂಗಸಿಗೆ ಅದೇ ಪ್ಲಾಟ್‌ಫಾರ್ಮ್ ಒಂದೂವರೆ ಕಿಲೋಮೀಟರ್.

ಎರಡು ವರ್ಷದ ಹಿಂದೆ ಅಮ್ಮನನ್ನು ಕರೆದುಕೊಂಡು ಹೊಸದಾಗಿ ಸಿಂಗಾರಗೊಂಡ ಒಂದು ಸ್ಟೇಷನ್ನಿಗೆ ಹೋಗಿದ್ದೆ. ಯಾವ ಊರು ಅಂತ ಬೇಡ. ಅಮ್ಮನಿಗೆ ಮಂಡಿ ನೋವು. ಎದುರಿಗೆ ದೊಡ್ಡ ಹಾಲ್, ಗೋಡೆ ತುಂಬ ಚಿತ್ರ, ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಲಿಫ್ಟಿನ ಮುಂದೆ ಹಗ್ಗ ಕಟ್ಟಿತ್ತು. ಎಸ್ಕಲೇಟರ್ ಮೇಲಕ್ಕೆ ಮಾತ್ರ. ರೈಲು ಬರಲು ಹತ್ತು ನಿಮಿಷ ಇರುವಾಗ ಪ್ಲಾಟ್‌ಫಾರ್ಮ್ ಬದಲಾಗಿದೆ ಅಂತ ಅನೌನ್ಸ್ ಮಾಡಿದರು. ಮೆಟ್ಟಿಲು ಹತ್ತಿ ಇಳಿದು ಆಚೆ ಸೇರುವಷ್ಟರಲ್ಲಿ ಅಮ್ಮ ಸುಸ್ತಾಗಿದ್ದರು. ಪ್ಲಾಟ್‌ಫಾರ್ಮ್‌ನಲ್ಲಿ ಕೂರಲು ಜಾಗ ಇರಲಿಲ್ಲ. ಸೂಟ್‌ಕೇಸ್ ಮೇಲೆ ಕೂತು ಹೇಳಿದರು, ‘ಅಲ್ಲ ಕಣೋ, ಇಷ್ಟೆಲ್ಲ ಮಾಡಿದಾರೆ, ಒಂದು ಬೆಂಚು ಹಾಕೋಕೆ ಮರೆತುಬಿಟ್ರಾ?’

ಅವರು ಕೇಳಿದ್ದು ತಮಾಷೆಗೆ. ಆದರೆ ಸ್ಟೇಷನ್ನಿನ ನಿಜವಾದ ಪರೀಕ್ಷೆ ಅಲ್ಲೇ ಇದೆ. ರಸ್ತೆಯಲ್ಲಿ ಆಟೋ ಇಳಿದವರು ಬೋಗಿ ಹತ್ತಲು ಎಷ್ಟು ನಿಮಿಷ? ಎಷ್ಟು ಮೆಟ್ಟಿಲು? ನಡುವೆ ಎಲ್ಲಿ ಕೂರಬಹುದು? ಯಾವ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಓದುಬರಹ ಬಾರದವರಿಗೂ ತಿಳಿಯುತ್ತದೆಯಾ? ಗಾಜಿನ ಮುಂಭಾಗ ಇದಕ್ಕೆ ಉತ್ತರ ಕೊಡುವುದಿಲ್ಲ.

ಈ ದಾರಿ ಇಕ್ಕಟ್ಟಾದರೆ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. 2017ರ ಸೆಪ್ಟೆಂಬರ್ 29ರಂದು ಮುಂಬೈನ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಿರಿದಾದ ಕಾಲುಸೇತುವೆಯಲ್ಲಿ ಮಳೆಗೆ ನಿಂತ ಜನ, ಇಳಿದು ಬಂದ ಜನ ಒಟ್ಟಾಗಿ ನೂಕುನುಗ್ಗಲಾಯಿತು. 23 ಜನ ಸತ್ತರು. 2025ರ ಫೆಬ್ರುವರಿ 15ರ ರಾತ್ರಿ ಹೊಸದಿಲ್ಲಿ ಸ್ಟೇಷನ್ನಿನಲ್ಲಿ ಕುಂಭಮೇಳಕ್ಕೆ ಹೊರಟವರ ನಡುವೆ ಕಾಲ್ತುಳಿತ. 18 ಸಾವು. ಎರಡೂ ಕಡೆ ಜನ ಬಿದ್ದದ್ದು ರೈಲಿನ ಕೆಳಗಲ್ಲ, ಮೆಟ್ಟಿಲ ಮೇಲೆ. ದಿಲ್ಲಿಯ ಘಟನೆಯ ಮೇಲೆ ರೈಲ್ವೆ ಸಚಿವಾಲಯ ಜನದಟ್ಟಣೆಯ 73 ಸ್ಟೇಷನ್‌ಗಳ ಹೊರಗೆ ಶಾಶ್ವತ ಕಾಯುವ ಜಾಗ ಮಾಡುತ್ತೇವೆ, 12 ಮೀಟರ್ ಮತ್ತು 6 ಮೀಟರ್ ಅಗಲದ ಕಾಲುಸೇತುವೆ ಕಟ್ಟುತ್ತೇವೆ ಅಂತ ಪ್ರಕಟಿಸಿತು. ನನ್ನ ಮಟ್ಟಿಗೆ ಇಡೀ ಸ್ಟೇಷನ್ ಸುಧಾರಣೆಯಲ್ಲಿ ಅತಿ ಮುಖ್ಯವಾದ ನಿರ್ಧಾರ ಅದು. ಹೋಟೆಲ್, ಮಾಲ್, ಗೋಪುರ ಎಲ್ಲ ಅದಾದ ಮೇಲೆ.

ಹೋಟೆಲ್ ಅಂದೆ. ಗುಜರಾತಿನ ಗಾಂಧಿನಗರ ಸ್ಟೇಷನ್ನಿನ ಹಳಿಗಳ ಮೇಲೇ ಐದು ನಕ್ಷತ್ರದ ಹೋಟೆಲ್ ಎದ್ದಿದೆ, 2021ರಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಭೋಪಾಲದ ಹಬೀಬ್‌ಗಂಜ್ ಸ್ಟೇಷನ್ ಖಾಸಗಿ ಸಹಭಾಗಿತ್ವದಲ್ಲಿ ಹೊಸ ರೂಪ ಪಡೆದು ರಾಣಿ ಕಮಲಾಪತಿ ಅಂತ ಹೆಸರಿಟ್ಟುಕೊಂಡಿತು. ಊರ ನಡುವಿನ ರೈಲ್ವೆ ಜಾಗಕ್ಕೆ ಚಿನ್ನದ ಬೆಲೆ. ಅಲ್ಲಿ ಅಂಗಡಿ, ಆಫೀಸು ಕಟ್ಟಿ ಬಾಡಿಗೆ ತರಬೇಕು, ಆ ದುಡ್ಡಲ್ಲಿ ಸ್ಟೇಷನ್ ನಡೆಯಬೇಕು ಅನ್ನುವುದು ವಾದ. ಇದರಲ್ಲಿ ತಪ್ಪೇನಿಲ್ಲ. ಜಪಾನಿನ ರೈಲು ಕಂಪನಿಗಳು ಸ್ಟೇಷನ್ನಿನ ಅಂಗಡಿಗಳಿಂದಲೇ ಒಳ್ಳೆಯ ದುಡ್ಡು ಮಾಡುತ್ತವೆ. ಆದರೆ ಅಲ್ಲಿ ಟೋಕಿಯೋದ ಶಿಂಜುಕುವಿನಂಥ ಸ್ಟೇಷನ್ನಿಗೆ ನಿಮಿಷ ನಿಮಿಷಕ್ಕೂ ರೈಲು ಬರುತ್ತದೆ. ರೈಲಿಗೆ ಬಂದ ಜನ ಅಂಗಡಿಗೂ ಹೋಗುತ್ತಾರೆ. ದಿನಕ್ಕೆ ಮೂರು ರೈಲು ನಿಲ್ಲುವ ಕಡೆ ಅಂಗಡಿ ಸಾಲು ಕಟ್ಟಿದರೆ ಬಾಡಿಗೆಗೆ ಬರುವವರು ಯಾರು?

ನಮ್ಮ ಮದ್ದೂರು ವಡೆಯೂ ಇದನ್ನೇ ಹೇಳುತ್ತದೆ. ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತಿತ್ತು, ಜನ ಹಸಿದಿರುತ್ತಿದ್ದರು, ವಡೆ ಹುಟ್ಟಿತು. ಯಾವ ಯೋಜನೆಯೂ ಬೇಕಾಗಲಿಲ್ಲ. ಎಂಜಿನ್ನಿಗೆ ನೀರು ಕುಡಿಸುವ ಕಾಲದಲ್ಲಿ ಸ್ಟೇಷನ್ ಅಂದರೆ ಕಡ್ಡಾಯ ಬಿಡುವು. ಆ ಬಿಡುವಿನಲ್ಲಿ ವಡೆ, ಕಾಫಿ, ಪುಸ್ತಕದಂಗಡಿ, ಪರಿಚಯ, ಜಗಳ ಎಲ್ಲ ನಡೆಯುತ್ತಿತ್ತು. ಈಗಿನ ವಂದೇ ಭಾರತ್ ಮದ್ದೂರಿನತ್ತ ತಿರುಗಿಯೂ ನೋಡದೆ ಹೋಗುತ್ತದೆ. ಹೋಗಲಿ, ಅದರ ಕೆಲಸ ಅದು.

ತೊಂದರೆ ಇರುವುದು ಇನ್ನೊಂದು ಕಡೆ. ಬೆಂಗಳೂರು-ಮೈಸೂರು ದಾರಿಯಲ್ಲಿ ಹೆಜ್ಜಾಲ, ಸೆಟ್ಟಿಹಳ್ಳಿ, ಹನಕೆರೆ, ಯಲಿಯೂರು ಅಂತ ಚಿಕ್ಕ ಚಿಕ್ಕ ನಿಲ್ದಾಣಗಳಿವೆ. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಮಂಡ್ಯ, ಚನ್ನಪಟ್ಟಣ, ರಾಮನಗರದಿಂದ ದಿನಾ ಬೆಂಗಳೂರಿಗೆ ಕೆಲಸಕ್ಕೆ ಬರುವ ‘ಪಾಸಿನವರು’ ಒಂದು ಊರಿನ ಹಾಗೆ ಬದುಕುತ್ತಾರೆ. ಅದೇ ಬೋಗಿ, ಅದೇ ಸೀಟು, ಅದೇ ಇಸ್ಪೀಟು, ಅದೇ ಭಜನೆ. ಚಿಕ್ಕ ಸ್ಟೇಷನ್ನಿನವರಿಗೆ ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್, ಮೆಮು ರೈಲು ಬಿಟ್ಟರೆ ಗತಿಯಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಪ್ಯಾಸೆಂಜರ್ ರೈಲುಗಳು ನಿಂತವು. ಮತ್ತೆ ಶುರುವಾದಾಗ ‘ಸ್ಪೆಷಲ್’ ಅನ್ನುವ ಹೆಸರು, ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30. ಎಷ್ಟೋ ಕಡೆ ನಿಲುಗಡೆಯೇ ಹೋಯಿತು. ಹಳೇ ದರ ವಾಪಸ್ ಬಂದದ್ದು 2024ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಎಷ್ಟು ಜನ ಸಾಲ ಮಾಡಿ ಬೈಕ್ ತಗೊಂಡಿರಬೇಕು!

ರೈಲ್ವೆಗೂ ಅದರದೇ ಕಷ್ಟ ಇದೆ, ಅದನ್ನೂ ಹೇಳಬೇಕು. ಎರಡು ನಿಮಿಷದ ನಿಲುಗಡೆ ಅಂದರೆ ಎರಡು ನಿಮಿಷದಲ್ಲಿ ಮುಗಿಯುವುದಿಲ್ಲ. ವೇಗ ಇಳಿಸಬೇಕು, ನಿಲ್ಲಿಸಬೇಕು, ಮತ್ತೆ ವೇಗ ಹಿಡಿಸಬೇಕು. ಹಿಂದೆ ಬರುವ ವೇಗದ ರೈಲಿಗೆ ದಾರಿ ಕಟ್ಟುತ್ತದೆ. ಎಲ್ಲ ಊರಿನ ಆಸೆ ಪೂರೈಸಿದರೆ ಎಕ್ಸ್‌ಪ್ರೆಸ್ ಎಕ್ಸ್‌ಪ್ರೆಸ್ ಆಗಿ ಉಳಿಯುವುದಿಲ್ಲ. ಆದರೂ ನಮ್ಮಲ್ಲಿ ‘ಪ್ರಾಯೋಗಿಕ ನಿಲುಗಡೆ’ ಅನ್ನುವುದು ಸಂಸದರ ಸಾಧನೆ. ಬಾವುಟ ಹಿಡಿದು, ಡ್ರೈವರಿಗೆ ಹಾರ ಹಾಕಿ, ಪೇಪರಿನಲ್ಲಿ ಫೋಟೊ. ನಗು ಬರುತ್ತದೆ ನಿಜ. ಆದರೆ ಆ ಜನ ಕೇಳುತ್ತಿರುವುದು ಸರಿಯಾದದ್ದನ್ನೇ. ಅವರು ಕಮಾನು ಕೇಳಲಿಲ್ಲ. ರೈಲು ನಿಲ್ಲಿಸಿ ಅಂತ ಕೇಳಿದರು.

ಇಲ್ಲೊಂದು ಸುಳಿ ಇದೆ. ರೈಲ್ವೆ ತನ್ನ ಸ್ಟೇಷನ್‌ಗಳನ್ನು ಗಳಿಕೆ ಮತ್ತು ಪ್ರಯಾಣಿಕರ ಸಂಖ್ಯೆ ನೋಡಿ ದರ್ಜೆ ಮಾಡುತ್ತದೆ. ದರ್ಜೆಯ ಪ್ರಕಾರ ಸೌಕರ್ಯ ಸಿಗುತ್ತದೆ. ಕೆಳಗಿನ ದರ್ಜೆಯದು ಹಾಲ್ಟ್. ಅಲ್ಲಿ ರೈಲ್ವೆ ಸಿಬ್ಬಂದಿ ಇರುವುದಿಲ್ಲ, ಕಮಿಷನ್ ಮೇಲೆ ಏಜೆಂಟರೊಬ್ಬರು ಟಿಕೆಟ್ ಮಾರುತ್ತಾರೆ. ರೈಲು ನಿಲ್ಲದಿದ್ದರೆ ಜನ ಬರುವುದಿಲ್ಲ. ಜನ ಬರದಿದ್ದರೆ ಗಳಿಕೆ ಇಲ್ಲ. ಗಳಿಕೆ ಇಲ್ಲದಿದ್ದರೆ ‘ಇಲ್ಲಿ ಬೇಡಿಕೆ ಇಲ್ಲ’ ಅಂತ ರೈಲು ನಿಲ್ಲಿಸುವುದಿಲ್ಲ. ಈ ಸುಳಿಯಿಂದ ಹೊರಬರಲು ಮೊದಲು ರೈಲು ಕೊಡಬೇಕು, ಆಮೇಲೆ ಲೆಕ್ಕ ನೋಡಬೇಕು. ನಾವು ತಿರುಗುಮುರುಗು ಮಾಡುತ್ತೇವೆ.

ಬೆಂಗಳೂರಿನಲ್ಲೇ ಎರಡು ಉದಾಹರಣೆ ಇವೆ, ಒಂದಕ್ಕೊಂದು ತದ್ವಿರುದ್ಧ. ವಿಮಾನ ನಿಲ್ದಾಣದ ಬೇಲಿಯ ಪಕ್ಕದಲ್ಲೇ ಒಂದು ಹಾಲ್ಟ್ ಕಟ್ಟಿ 2021ರ ಜನವರಿಯಲ್ಲಿ ಶುರು ಮಾಡಿದರು. ಟ್ಯಾಕ್ಸಿಗೆ ಸಾವಿರ ರೂಪಾಯಿ ಕೊಡುವ ಜಾಗಕ್ಕೆ ರೈಲಿನಲ್ಲಿ ಹತ್ತು-ಹದಿನೈದು ರೂಪಾಯಿ ಅಂತ ಎಲ್ಲ ಕಡೆ ಸುದ್ದಿ. ಹಾಲ್ಟ್‌ನಿಂದ ಟರ್ಮಿನಲ್‌ಗೆ ಬಸ್ಸೂ ಹಾಕಿದರು. ಆದರೆ ಬಂದದ್ದು ಬೆರಳೆಣಿಕೆಯ ರೈಲು. ವಿಮಾನ ಹಿಡಿಯುವವರು ಮುಂದಿನ ರೈಲಿಗೆ ಮೂರು ಗಂಟೆ ಕಾಯುತ್ತಾರಾ? ಸ್ಟೇಷನ್ ಚೆನ್ನಾಗಿತ್ತು. ರೈಲೇ ಇರಲಿಲ್ಲ.

ಇನ್ನೊಂದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಸುಮಾರು 314 ಕೋಟಿ ರೂಪಾಯಿ, 7 ಪ್ಲಾಟ್‌ಫಾರ್ಮ್, ವಿಮಾನ ನಿಲ್ದಾಣದ ಮಾದರಿ, ಪೂರ್ತಿ ಎಸಿ. ಕಟ್ಟಡ ಮುಗಿದ ಮೇಲೂ ಬಹಳ ದಿನ ಬಾಗಿಲು ಹಾಕಿಕೊಂಡೇ ಇತ್ತು. 2022ರ ಜೂನ್ 6ರಂದು ಎರ್ನಾಕುಳಂ ರೈಲು ಅಲ್ಲಿಂದ ಹೊರಟಿತು. ಈಗ ಹೌರಾ, ಪಟ್ನಾ, ಗುವಾಹಟಿ ಕಡೆಯ ರೈಲುಗಳು, ಕಲಬುರಗಿಯ ವಂದೇ ಭಾರತ್ ಎಲ್ಲ ಅಲ್ಲಿಂದಲೇ. ಮೆಜೆಸ್ಟಿಕ್‌ನ ಹೊರೆ ಇಳಿಸಲು ಇದು ಬೇಕೇ ಬೇಕಿತ್ತು. ಇಲ್ಲಿ ರೈಲುಗಳಿಗೇನೂ ಕೊರತೆ ಇಲ್ಲ. ಕೊರತೆ ಇದ್ದದ್ದು ದಾರಿಗೆ.

ಮೆಜೆಸ್ಟಿಕ್‌ನಲ್ಲಿ ರೈಲು ಇಳಿದರೆ ಎದುರಿಗೇ ಬಸ್ ಸ್ಟ್ಯಾಂಡ್, ಪಕ್ಕದಲ್ಲೇ ಮೆಟ್ರೊ. ಗಲೀಜು ಅನ್ನಿ, ಗದ್ದಲ ಅನ್ನಿ, ಆದರೆ ಊರಿಗೆ ಹೋಗುವ ದಾರಿ ಕಣ್ಣೆದುರಿಗೇ ಇದೆ. ಬೈಯಪ್ಪನಹಳ್ಳಿ ಟರ್ಮಿನಲ್‌ಗೆ ಹೋಗುವ ರಸ್ತೆಗಳು ಓಣಿಯಂಥವು. ನೇರಳೆ ಮೆಟ್ರೊ 2011ರಿಂದಲೇ ಬೈಯಪ್ಪನಹಳ್ಳಿ ತನಕ ಓಡುತ್ತಿದೆ. ಆದರೂ ಲಗೇಜು ಹೊತ್ತು ಮೆಟ್ರೊ ಇಳಿದು ಹಾಗೇ ಟರ್ಮಿನಲ್ ಒಳಗೆ ನಡೆದುಹೋಗುವಂಥ ಜೋಡಣೆ ಇಲ್ಲದೆಯೇ ಟರ್ಮಿನಲ್ ಶುರುವಾಯಿತು. ನಡುರಾತ್ರಿ ಅಸ್ಸಾಮಿನಿಂದಲೋ ಬಿಹಾರದಿಂದಲೋ ಬಂದಿಳಿದ ಕೂಲಿ ಹುಡುಗರು ಎಸಿ ಹಾಲ್ ದಾಟಿ ಹೊರಗೆ ಬಂದು ಆಟೋದವರ ಜೊತೆ ಚೌಕಾಸಿ ಮಾಡುತ್ತಾರೆ. ಕೆಲವು ಸಲ ಆ ಆಟೋ ಬಾಡಿಗೆ ಅವರ ಜನರಲ್ ಟಿಕೆಟ್ಟಿನ ಹತ್ತಿರಕ್ಕೆ ಬರುತ್ತದೆ. ಸ್ಟೇಷನ್ ಕಟ್ಟುವುದು ರೈಲ್ವೆ. ರಸ್ತೆ ಪಾಲಿಕೆಯದು, ಬಸ್ಸು ಬಿಎಂಟಿಸಿಯದು, ಮೆಟ್ರೊ ಇನ್ನೊಬ್ಬರದು. ಕಾಂಪೌಂಡ್ ಗೋಡೆಯ ಆಚೆ ಯಾರ ಜವಾಬ್ದಾರಿಯೂ ಅಲ್ಲ. ಪ್ರಯಾಣಿಕರಿಗೆ ಮಾತ್ರ ಆ ಗೋಡೆ ಕಾಣುವುದಿಲ್ಲ, ಅವರಿಗೆ ಇದು ಮನೆಯಿಂದ ಮನೆಗೆ ಒಂದೇ ಪ್ರಯಾಣ.

ಎಸಿ ಹಾಲ್ ಬೇಡ ಅಂತ ನಾನು ಹೇಳುವುದಿಲ್ಲ. ಬಡವರಿಗೆ ಯಾಕೆ ಇದೆಲ್ಲ ಅನ್ನುವ ಮಾತು ನನಗೆ ಆಗುವುದೇ ಇಲ್ಲ. ಯಾದಗಿರಿ, ರಾಯಚೂರಿನಿಂದ ಗುಳೆ ಹೊರಟ ಕುಟುಂಬ ಪಾತ್ರೆ-ಪಗಡೆ, ಮಕ್ಕಳ ಸಮೇತ ಪ್ಲಾಟ್‌ಫಾರ್ಮ್‌ನಲ್ಲಿ ರಾತ್ರಿ ಕಳೆಯುತ್ತದೆ. ಅವರಿಗೆ ಸ್ಟೇಷನ್ ಅಂದರೆ ಒಂದು ರಾತ್ರಿಯ ಮನೆ. ಮುಚ್ಚಿದ ಸೂರು, ಶುದ್ಧ ನೀರು, ಹೆಂಗಸರಿಗೆ ಭಯವಿಲ್ಲದ ಶೌಚಾಲಯ, ಫೋನ್ ಚಾರ್ಜಿಗೆ ಒಂದು ಪ್ಲಗ್ಗು. ಇದನ್ನು ಅತಿ ಹೆಚ್ಚು ಬಳಸುವವರೇ ಅವರು. ಹೊಸ ಸ್ಟೇಷನ್‌ಗಳ ಚಿತ್ರಗಳಲ್ಲಿ ಟ್ರಾಲಿ ಬ್ಯಾಗ್ ಎಳೆದುಕೊಂಡು ಹೋಗುವವರು ಮಾತ್ರ ಇರುತ್ತಾರೆ. ತಲೆ ಮೇಲೆ ಗಂಟು ಹೊತ್ತವರನ್ನು ಚಿತ್ರ ಬಿಡಿಸುವವರು ಮರೆತಿರುತ್ತಾರೆ. ನೆಲದಲ್ಲಿ ಕೂತರೆ ಎಬ್ಬಿಸುವ ಸ್ಟೇಷನ್ ಎಷ್ಟು ಹೊಳೆದರೇನು?

ಈಗ ಬೆಂಗಳೂರಿಗೆ ಇನ್ನೊಂದು ಅವಕಾಶ ಇದೆ. ಉಪನಗರ ರೈಲಿಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. 148 ಕಿಲೋಮೀಟರ್, 15,767 ಕೋಟಿ ರೂಪಾಯಿ, ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರು. 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿದರು. ಕೆಲಸ ಮಾತ್ರ ಆಮೆಯ ಹಾಗೆ ಸಾಗಿದೆ. ಮೊದಲು ಕೈಗೆತ್ತಿಕೊಂಡದ್ದು ಮಲ್ಲಿಗೆ ಮಾರ್ಗ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ 25 ಕಿಲೋಮೀಟರ್. ಅಂದರೆ ವಿಶ್ವೇಶ್ವರಯ್ಯ ಟರ್ಮಿನಲ್ ಕಡೆಯಿಂದಲೇ. ಯಶವಂತಪುರ, ಹೆಬ್ಬಾಳ ದಾಟಿ ಬರುವ ಮಾರ್ಗ ಅದು.

ಉಪನಗರ ರೈಲಿನಿಂದ ಇಳಿದವರು ಹೌರಾ ರೈಲಿನ ಪ್ಲಾಟ್‌ಫಾರ್ಮ್‌ಗೆ ಮಳೆಯಲ್ಲಿ ನೆನೆಯದೆ ಹೋಗಬಹುದಾ? ಮೆಟ್ರೊಗೆ ಹೋಗಲು ಮತ್ತೆ ರಸ್ತೆಗೆ ಇಳಿಯಬೇಕಾ? ಒಂದೇ ಲಿಫ್ಟ್ ಕೆಟ್ಟರೆ ಬೇರೆ ದಾರಿ ಇದೆಯಾ? ಇದೆಲ್ಲ ನಿರ್ಧಾರವಾಗುವುದು ಕಾಂಕ್ರೀಟು ಬೀಳುವ ಮೊದಲು, ನಕ್ಷೆಯ ಮೇಲೆ. ಸಾರ್ವಜನಿಕ ಸಭೆಗೆ ನಕ್ಷೆ ತಂದಾಗ ಮುಂಭಾಗದ ಬಣ್ಣದ ಚಿತ್ರ ಪಕ್ಕಕ್ಕಿಡಿ. ನಡೆಯುವ ದಾರಿಯ ಉದ್ದ ಎಷ್ಟು ಮೀಟರ್ ಅಂತ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ.